ರಕ್ತಪರೀಕ್ಷೆ: ಅರ್ಧ ಕೆಲಸ ನಿಮ್ಮ ಕೈಯಲ್ಲೇ ಇದೆ

ರಿಪೋರ್ಟ್‌ನಲ್ಲಿ ಏನೋ ಹೆಚ್ಚುಕಮ್ಮಿ ಬಂದರೆ ನಾವು ಮೊದಲು ಬೈಯುವುದು ಮಷೀನನ್ನು. ಲ್ಯಾಬ್‌ನವರನ್ನು ಕೇಳಿ ನೋಡಿ, ಬೇರೆಯದೇ ಹೇಳುತ್ತಾರೆ. ಹೆಚ್ಚಿನ ತಪ್ಪುಗಳು ರಕ್ತ ಮಷೀನಿಗೆ ಹೋಗುವ ಮೊದಲೇ ಆಗಿರುತ್ತವೆ. ರಾತ್ರಿ ತಡವಾಗಿ ಉಂಡಿದ್ದು, ಬೆಳಿಗ್ಗೆ ಮಾತ್ರೆ ನುಂಗಿ ಬಂದಿದ್ದು, ತೋಳಿನ ಪಟ್ಟಿಯನ್ನು ಜಾಸ್ತಿ ಹೊತ್ತು ಬಿಗಿದದ್ದು. ಇವುಗಳಲ್ಲಿ ಎಷ್ಟೋ ತಪ್ಪುಗಳನ್ನು ನಾವೇ ತಪ್ಪಿಸಬಹುದು.

ಹಿಂದಿನ ದಿನ

ಮೊದಲು ಕೇಳಿ: ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಕೊಬ್ಬಿನ ಪರೀಕ್ಷೆಗೆ ಉಪವಾಸ ಹೇಳಿದ್ದರೆ ಸಾಮಾನ್ಯವಾಗಿ 9ರಿಂದ 12 ಗಂಟೆ. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ. ಮೈಯಲ್ಲಿ ನೀರು ಕಡಿಮೆಯಾದರೆ ನರ ಸಿಗುವುದೇ ಕಷ್ಟ. ಸಕ್ಕರೆ ಹಾಕದ ಕಾಫಿ ನಡೆಯುತ್ತಾ ಅಂತ ಕೇಳುವವರಿದ್ದಾರೆ. ಬೇಡ, ಒಂದು ಬೆಳಿಗ್ಗೆ ತಡೆದುಕೊಳ್ಳಿ.

ರಕ್ತಕಣಗಳನ್ನು ಎಣಿಸುವ ಸಿಬಿಸಿಗೆ ಉಪವಾಸ ಬೇಕಿಲ್ಲ. ಎಚ್‌ಬಿಎ1ಸಿಗೂ ಬೇಕಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕವೇ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ. ಪರೀಕ್ಷೆಯ ಹಿಂದಿನ ವಾರ ಮಾತ್ರ ಸಿಹಿ ಬಿಟ್ಟು ಇದನ್ನು ಏಮಾರಿಸಲು ಆಗುವುದಿಲ್ಲ!

ಮಾತ್ರೆಗಳ ವಿಷಯ ಡಾಕ್ಟರ ಹತ್ತಿರ ಕೇಳಿಯೇ ಮುಂದುವರಿಯಿರಿ. ಥೈರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಲು ಹೇಳುತ್ತಾರೆ. ಕೂದಲು, ಉಗುರಿಗೆಂದು ನುಂಗುವ ಬಯೋಟಿನ್ ಕೂಡ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ಅಡಿಮೇಲು ಮಾಡಬಲ್ಲದು. ಅದು ಮಾತ್ರೆ ಅಂತಲೇ ಅನ್ನಿಸದೆ ಜನ ಹೇಳುವುದನ್ನು ಮರೆಯುತ್ತಾರೆ.

ಕುರ್ಚಿಯಲ್ಲಿ ಕೂತಾಗ

ರಕ್ತ ಕಂಡರೆ ತಲೆ ಸುತ್ತುತ್ತದಾ? ನಾಚಿಕೆ ಬೇಡ, ಮೊದಲೇ ಹೇಳಿ. ಮಲಗಿಸಿ ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ.

ಮೊಣಕೈಯ ಮೇಲೆ ಪಟ್ಟಿ ಬಿಗಿದು, ಒಳಮಡಿಕೆಯಲ್ಲಿ ನರ ಮುಟ್ಟಿ ನೋಡುತ್ತಾರೆ. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿರಬಾರದು. ನಾವು ಮಾಡುವ ಒಂದು ತಪ್ಪೂ ಇಲ್ಲಿದೆ. ನರ ಉಬ್ಬಲಿ ಅಂತ ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡುತ್ತೇವೆ. ಇದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಕೈಯನ್ನು ಸುಮ್ನೆ ಇಟ್ಟುಕೊಳ್ಳಿ.

ಬಣ್ಣದ ಮುಚ್ಚಳಗಳು

ಒಂದೇ ಚುಚ್ಚಿಗೆ ಮೂರು ನಾಲ್ಕು ಟ್ಯೂಬ್ ತುಂಬುವುದನ್ನು ಕಂಡು ಗಾಬರಿಯಾಗಬೇಡಿ. ಒಂದೊಂದರಲ್ಲಿ ಕೆಲವೇ ಮಿಲಿಲೀಟರ್ ರಕ್ತ. ದೊಡ್ಡವರ ಮೈಯಲ್ಲಿ ಇರುವುದು ಸುಮಾರು 5 ಲೀಟರ್.

ಮುಚ್ಚಳದ ಬಣ್ಣ ಅಂದಕ್ಕಲ್ಲ. ನೇರಳೆ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಸಿಬಿಸಿ, ಎಚ್‌ಬಿಎ1ಸಿ ಇದರಲ್ಲೇ. ಬೂದು ಟ್ಯೂಬ್ ಶುಗರ್‌ಗೆ. ಹೊರಗೆ ತೆಗೆದ ಮೇಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡಾ. ಬೂದು ಟ್ಯೂಬಿನ ಫ್ಲೋರೈಡ್ ಅದಕ್ಕೆ ತಡೆ ಹಾಕುತ್ತದೆ. ತಿಳಿನೀಲಿ ಟ್ಯೂಬ್ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವುದಕ್ಕೆ. ಅದರಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ (ಇದೂ ಹೆಪ್ಪು ತಡೆಯುವ ದ್ರಾವಣ) ಇರಲೇಬೇಕು. ಗೆರೆಯ ತನಕ ತುಂಬದಿದ್ದರೆ ಲ್ಯಾಬ್‌ನವರು ವಾಪಸ್ ಕಳಿಸುತ್ತಾರೆ. ಕೆಂಪು, ಹಳದಿ ಮುಚ್ಚಳದವು ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ.

ತುಂಬುವುದಕ್ಕೂ ಸರದಿ ಇದೆ. ನೀಲಿ ಮೊದಲು, ನಂತರ ಕೆಂಪು ಅಥವಾ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನ ಇಡಿಟಿಎ ಸ್ವಲ್ಪ ಕೆಂಪಿಗೆ ಸೇರಿದರೂ ಸಾಕು, ಪೊಟ್ಯಾಸಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಅಂತ ರಿಪೋರ್ಟ್ ಬರುತ್ತದೆ.

ಎದ್ದು ಹೋಗುವ ಮೊದಲು ಟ್ಯೂಬಿನ ಮೇಲಿನ ಹೆಸರು ನಿಮ್ಮದೇ ತಾನೇ ನೋಡಿ. ಚುಚ್ಚಿದ ಜಾಗವನ್ನು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಕೈ ಮಡಚಬೇಡಿ, ಉಜ್ಜಬೇಡಿ. ಆ ನೀಲಿಗಟ್ಟುವುದು ಬಹುಪಾಲು ಇದರಿಂದಲೇ.

ರಿಪೋರ್ಟ್ ಬಂದ ಮೇಲೆ

ದಪ್ಪ ಅಕ್ಷರ ಕಂಡ ಕೂಡಲೇ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಪಕ್ಕದಲ್ಲಿರುವ ಮಿತಿಗಳನ್ನು ಸಾಮಾನ್ಯವಾಗಿ ನೂರರಲ್ಲಿ 95 ಆರೋಗ್ಯವಂತರು ಒಳಗೆ ಬರುವಂತೆ ಹಾಕಿರುತ್ತಾರೆ. ಅಂದರೆ ಇಪ್ಪತ್ತು ಆರೋಗ್ಯವಂತರಲ್ಲಿ ಒಬ್ಬರು ಹೊರಗೇ ಉಳಿಯುತ್ತಾರೆ. ಒಂದೇ ಸಲ ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಒಂದಾದರೂ ಗೆರೆ ದಾಟಿದ್ದರೆ ಆಶ್ಚರ್ಯವಿಲ್ಲ. ಕೂದಲೆಳೆ ದಾಟಿದ್ದಕ್ಕಿಂತ ಹಳೆಯ ರಿಪೋರ್ಟ್‌ಗೂ ಹೊಸದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಹೆಚ್ಚು ಹೇಳುತ್ತದೆ. ಹಳೆಯವನ್ನು ಎಸೆಯಬೇಡಿ.

ಶುಗರ್‌ನಂಥ ಕೆಲವಕ್ಕೆ ಮಾತ್ರ ಖಚಿತ ಗೆರೆಗಳಿವೆ. ಫಾಸ್ಟಿಂಗ್ 126 ಮಿಲಿಗ್ರಾಂ ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹದ ಮಾತು ಬರುತ್ತದೆ. ಲಕ್ಷಣಗಳೇ ಇಲ್ಲದಿದ್ದರೆ ಆಗಲೂ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ.

ಮೈಯಲ್ಲಿ ಏನೂ ತೊಂದರೆ ಇಲ್ಲದೆ ಪ್ಲೇಟ್‌ಲೆಟ್ ಒಮ್ಮೆಲೇ ತುಂಬಾ ಕಡಿಮೆ ಬಂದರೆ ಡಾಕ್ಟರ್ ಮತ್ತೆ ಕೈ ಚಾಚಲು ಹೇಳಬಹುದು. ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎ ಕಂಡರೆ ಗುಂಪುಗೂಡಿ ಅಂಟಿಕೊಳ್ಳುತ್ತವೆ. ಮಷೀನು ಆ ಗುಂಪನ್ನು ಬಿಡಿಬಿಡಿಯಾಗಿ ಎಣಿಸಲಾರದು. ಅಂಥವರ ರಕ್ತವನ್ನು ನೀಲಿ ಟ್ಯೂಬಿಗೆ ತೆಗೆದು ನೋಡಿದರೆ ಸಾಮಾನ್ಯವಾಗಿ ಎಣಿಕೆ ಸರಿಯಾಗಿಯೇ ಇರುತ್ತದೆ.