ಹೊಳಪನ್ನು ಹಿಂದಿಟ್ಟು ರೋಡ್ ರನ್ನರ್ ಮಾರಿದ ನನ್ನ ಅನುಭವ

1969ರ ಪ್ಲಿಮತ್ ರೋಡ್ ರನ್ನರ್ ಎಂಬ ಹಳೆಯ ಅಮೆರಿಕನ್ ಕಾರೊಂದನ್ನು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿ, ಹಾಕಿದ ಹಣಕ್ಕಿಂತ ಹೆಚ್ಚಿಗೆ ಮಾರುತ್ತೇನೆಂದು ನಾನು ಹೇಳಿದಾಗ ಇಲ್ಲಿ ಮಿಷಿಗನ್ನಿನಲ್ಲಿ ನಂಬಿದವರು ಯಾರೂ ಇರಲಿಲ್ಲ. ಪಂಪ ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕಕ್ಕೆ ಕೂತಿದ್ದ, ನನ್ನಂತೆಯೇ ಕಾರು ಕಂಪನಿಯಲ್ಲಿ ದುಡಿದ ಹಿರಿಯರೊಬ್ಬರು, "ಲಾಭ ಹಾಗಿರಲಿ, ಅಸಲೂ ಹುಟ್ಟುವುದಿಲ್ಲ ಕಣಯ್ಯ, ಫ್ಯೂಯೆಲ್ ಇಂಜೆಕ್ಷನ್, ದೊಡ್ಡ ಚಕ್ರ, ಎ.ಸಿ. ಹಾಕಿಬಿಡು, ಜನ ಮುಗಿಬೀಳುತ್ತಾರೆ" ಎಂದಿದ್ದರು. ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಆ ವರ್ಷ 80,000ಕ್ಕೂ ಹೆಚ್ಚು ರೋಡ್ ರನ್ನರ್‌ಗಳು ತಯಾರಾಗಿದ್ದವು. ಹೆಮಿ ಎಂಬ ಅಪರೂಪದ, ಹೆಚ್ಚು ಶಕ್ತಿಯ ಎಂಜಿನ್ ಇದ್ದಿದ್ದರೆ ಮಾತೇ ಬೇರೆ. ನನ್ನದು 335 ಅಶ್ವಶಕ್ತಿಯ ಮಾಮೂಲಿ 383 ಘನ ಅಂಗುಲದ ಎಂಜಿನ್, ನಾಲ್ಕು ಗೇರಿನ ಹಾರ್ಡ್‌ಟಾಪ್. ಅಪರೂಪದ್ದೆಂಬ ಕಾರಣಕ್ಕೆ ಯಾರೂ ದುಡ್ಡು ಸುರಿಯುವ ಗಾಡಿಯಲ್ಲ.

2015ರ ಕೊನೆಯಲ್ಲಿ ಒಹಾಯೊದ ಕೊಟ್ಟಿಗೆಯೊಂದರಿಂದ ಅದನ್ನು 13,500 ಡಾಲರಿಗೆ ತಂದೆ. ತಗಡು ಮತ್ತು ಬಣ್ಣಕ್ಕೆ ಸುಮಾರು 19,000, ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 9,500, ಕ್ರೋಮ್ ಹಾಗೂ ಬೋಲ್ಟುಗಳ ಪ್ಲೇಟಿಂಗಿಗೆ 5,000, ಸೀಟು ಮತ್ತು ಕಾರ್ಪೆಟ್ಟಿಗೆ 3,500, ಚಿಲ್ಲರೆ ಬಾಬ್ತು ಒಂದು 4,000. ಒಟ್ಟು 54,500ರ ಆಸುಪಾಸು ಬಂತು. ಎಂಜಿನ್ನಿನ ಲೆಕ್ಕದಲ್ಲಿ ಸುಮಾರು 3,000 ನನ್ನ ಸ್ವಂತ ತಪ್ಪಿನದು. ವಾಲ್ವುಗಳನ್ನು ಎತ್ತುವ ಕ್ಯಾಮ್ ಹಳೆಯ ಫ್ಲ್ಯಾಟ್ ಟ್ಯಾಪೆಟ್ ಬಗೆಯದು, ಸವೆಯದಿರಲು ಎಣ್ಣೆಯಲ್ಲಿ ಜಿಂಕ್ ಬೇಕು ಎಂದು ಗೊತ್ತಿದ್ದೂ, ಬ್ರೇಕ್-ಇನ್ ಮಾಡುವಾಗ, ಅಂದರೆ ಹೊಸದಾಗಿ ಜೋಡಿಸಿದ ಎಂಜಿನ್ನನ್ನು ಮೊದಲ ಸಲ ಓಡಿಸಿ ಪಳಗಿಸುವಾಗ, ಜಿಂಕ್ ಕಡಿಮೆ ಇರುವ ಈಗಿನ ಎಣ್ಣೆಯನ್ನೇ ಹೊಯ್ದೆ. ಇಪ್ಪತ್ತು ನಿಮಿಷ ಮುಗಿಯುವ ಮೊದಲೇ ಕ್ಯಾಮಿನ ಎರಡು ಉಬ್ಬು (ಲೋಬ್) ಸವೆದು, ಅದರ ಪುಡಿ ಬೇರಿಂಗುಗಳಿಗೆಲ್ಲ ಹರಡಿತು. ಎಂಜಿನ್ ಮತ್ತೆ ಹೊರಗೆ ಬಂತು. ನನ್ನ ಕೈಕೆಲಸದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ಮನೆಯವರಿಗೆ ಉತ್ತರ ಹೇಳಬೇಕಾಗುತ್ತದೆ.

ಮಾರಾಟದಲ್ಲಿ ಎರಡು ಬಾರಿ ಕೈ ಸುಟ್ಟುಕೊಂಡೆ. ಮೊದಲು, 2021ರ ಬೇಸಿಗೆಯಲ್ಲಿ, ಹಳೆಯ ಕಾರುಗಳನ್ನು ಕಮಿಷನ್ ಮೇಲೆ ಮಾರಿಕೊಡುವ ಒಂದು ಷೋರೂಮಿನಲ್ಲಿ ಬಿಟ್ಟೆ. ನೂರಕ್ಕೆ ಹತ್ತು ಅವರಿಗೆ ಎಂಬ ಮಾತಾಗಿತ್ತು. ಮೂರು ತಿಂಗಳ ನಂತರ ಹೋಗಿ ನೋಡಿದರೆ ಬ್ಯಾಟರಿ ಸತ್ತಿತ್ತು, ಬಾಗಿಲ ಅಂಚಿನಲ್ಲಿ ಉಗುರಗಲದ ಗೀರು ಬಿದ್ದಿತ್ತು. ಎಲ್ಲಕ್ಕಿಂತ ಸಂಕಟವಾದದ್ದೆಂದರೆ, ಕಾರ್ಖಾನೆಯಲ್ಲಿದ್ದಂತೆ ನಾನು ಕಷ್ಟಪಟ್ಟು ಮಂಕಾಗಿ ಉಳಿಸಿದ್ದ ಭಾಗಗಳಿಗೆಲ್ಲ ಯಾರೋ ಹೊಳೆಯುವ ಸ್ಪ್ರೇ ಹೊಡೆದಿದ್ದರು. ಅದನ್ನು ಒರೆಸಿ ತೆಗೆಯುವುದಕ್ಕೇ ಎರಡು ವಾರಾಂತ್ಯ ಹೋಯಿತು. ಆಮೇಲೆ ಆನ್‌ಲೈನ್ ಹರಾಜಿಗೆ ಹಾಕಿದೆ. ಬಿಸಿಲಿನಲ್ಲಿ ಮಿನುಗುವ, ಕಾರ್ಖಾನೆಯ ಲೆಕ್ಕದಲ್ಲಿ ಬಿ5 ಎಂಬ ನೀಲಿ ಬಣ್ಣದ ನೂರಾರು ಚಿತ್ರಗಳನ್ನು ತೆಗೆದಿದ್ದೆ. ಹೊಗಳಿಕೆಗೆ ಬರವಿರಲಿಲ್ಲ, ಆದರೆ ಬೆಲೆ 46,000ಕ್ಕೆ ನಿಂತುಬಿಟ್ಟಿತು. ನಾನಿಟ್ಟಿದ್ದ ಕನಿಷ್ಠ ಬೆಲೆ ಮುಟ್ಟದೆ ಗಾಡಿ ಶೆಡ್ಡಿಗೆ ವಾಪಸಾಯಿತು. ನಡುವೆ ಹೆಚ್ಚುವರಿ ಮೊತ್ತದ ನಕಲಿ ಚೆಕ್ಕು ಕಳಿಸಿ, ಮಿಕ್ಕ ಹಣವನ್ನು ಸಾಗಣೆಯವನಿಗೆ ಕೊಡಿ ಎಂದವನೂ ಒಬ್ಬ ಬಂದಿದ್ದ.

ಆ ಚಳಿಗಾಲದಲ್ಲಿ ಕೂತು ಹರಾಜಿನಲ್ಲಿ ಬಂದ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿದಾಗ ವಿಷಯ ಹೊಳೆಯಿತು. ಮೇಲಿನ ಬೆಲೆಗೆ ಹೋಗಿದ್ದ ಇಬ್ಬರೂ ಬಣ್ಣದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಇಬ್ಬರೂ ಕೇಳಿದ್ದು ಎಂಜಿನ್, ಗೇರ್‌ಬಾಕ್ಸ್, ಬಾಡಿಯ ಮೇಲೆ ಕಾರ್ಖಾನೆಯಲ್ಲಿ ಒತ್ತಿದ ನಂಬರುಗಳನ್ನು, ನಾನು ಉತ್ತರಿಸಿದ್ದು ತಡವಾಗಿ. ಹೊಳಪಿಗೆ ಮರುಳಾಗುವವರು ನನ್ನ ಗಿರಾಕಿಗಳೇ ಅಲ್ಲ. ಅವರಿಗೆ ಆಗ 40,000ಕ್ಕೆ ಹೊಳೆಯುವ ಗಾಡಿ ಬೇಕಾದಷ್ಟು ಸಿಗುತ್ತಿತ್ತು. ಬೇರೆ ಕಾರನ್ನೇ ರೋಡ್ ರನ್ನರ್ ಎಂದು ತೋರುವಂತೆ ಮಾಡಿದ ತದ್ರೂಪಿ ಗಾಡಿಗಳಿಂದ ಮೋಸಹೋದವನು, ಮೋಸಹೋದವರನ್ನು ನೋಡಿದವನು, ಪುರಾವೆಗೆ ಹಣ ಕೊಡುತ್ತಾನೆ.

ಆದ್ದರಿಂದ 2022ರ ಜಾಹೀರಾತಿನಲ್ಲಿ ಮೊದಲ ಹನ್ನೆರಡು ಚಿತ್ರಗಳಲ್ಲಿ ಇಡೀ ಕಾರು ಒಮ್ಮೆಯೂ ಕಾಣಿಸದಂತೆ ನೋಡಿಕೊಂಡೆ. ಮೊದಲನೆಯದು ಡ್ಯಾಷ್‌ಬೋರ್ಡಿನ ಮೇಲಿನ ನಂಬರ್ ಪಟ್ಟಿ, ಆರ್‌ಎಂ23ಎಚ್9ಎ ಎಂದು ಶುರುವಾಗುವುದು. ಕೊನೆಯ ಆ 'ಎ' ಎಂದರೆ ಡೆಟ್ರಾಯಿಟಿನ ಲಿಂಚ್ ರೋಡ್ ಕಾರ್ಖಾನೆ, ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ. ಅದೇ ಸರಣಿ ಸಂಖ್ಯೆ ರೇಡಿಯೇಟರ್ ಸಪೋರ್ಟಿನ ಮೇಲೆ, ಡಿಕ್ಕಿಯ ರಬ್ಬರ್ ಕೂರುವ ಅಂಚಿನಲ್ಲಿ, ಎಂಜಿನ್ ಬ್ಲಾಕಿನ ಮೇಲೆ, ಗೇರ್‌ಬಾಕ್ಸಿನ ಮೇಲೆ ಇದೆ. ಪ್ರತಿಯೊಂದನ್ನೂ ಓರೆ ಬೆಳಕಿನಲ್ಲಿ ತೆಗೆದೆ. ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿದ್ದ ಬ್ರಾಡ್‌ಕಾಸ್ಟ್ ಷೀಟನ್ನೂ, ಅಂದರೆ ಗಾಡಿಗೆ ಏನೇನು ಜೋಡಿಸಬೇಕೆಂದು ಕಾರ್ಖಾನೆಯಲ್ಲಿ ಅಚ್ಚಾದ ಹಾಳೆಯನ್ನೂ, ಹಾಕಿದೆ. ಎಡಗಡೆಯ ಮೂಲೆಯನ್ನು ಇಲಿ ತಿಂದಿತ್ತು, ನಡುವೆ ಚಹಾ ಚೆಲ್ಲಿದಂಥ ತುಕ್ಕಿನ ಕಲೆಯಿತ್ತು, ಆದರೂ ಎಂಜಿನ್ನಿನ ಸಂಕೇತ ಇ63, ಗೇರ್‌ಬಾಕ್ಸಿನ ಸಂಕೇತ ಡಿ21 ಎರಡೂ ಸ್ಪಷ್ಟವಾಗಿ ಓದಲು ಬರುತ್ತಿದ್ದವು. ಅದನ್ನು ಬಿಡಿಸಿ ಚಪ್ಪಟೆ ಮಾಡಲು ಹೋಗಿ ಹರಿದುಕೊಂಡವರನ್ನು ಬಲ್ಲೆ. ನಾನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸುಮ್ಮನೆ ಇಟ್ಟುಬಿಟ್ಟೆ.

ಆಮೇಲೆ ಕುಂದುಗಳ ಪಟ್ಟಿ. ಬಲಗಡೆಯ ಹಿಂದಿನ ಕ್ವಾರ್ಟರ್ ಪ್ಯಾನೆಲ್ಲಿನ ಕೆಳಭಾಗ ಹೊಸ ತಗಡು, ಕಾರ್ಬ್ಯುರೇಟರ್ ಅದೇ ಮಾದರಿಯದಾದರೂ ಬೇರೆ ಗಾಡಿಯದು, 'ಬೀಪ್ ಬೀಪ್' ಎನ್ನುವ ನೇರಳೆ ಹಾರ್ನ್ ಮರುತಯಾರಿಕೆಯದು ಎಂದೆಲ್ಲ ಹದಿನಾರು ಬಾಬ್ತುಗಳನ್ನು ನಾನೇ ಬರೆದೆ. ಗಾಡಿಯ ಅಡಿಭಾಗದಲ್ಲಿ ಪ್ರೈಮರಿನ ಮೇಲೆ ಅಂಚುಗಳಿಂದ ಹಾರಿಬಂದ ನೀಲಿಯ ಮಬ್ಬನ್ನು ಕಾರ್ಖಾನೆಯಲ್ಲಿದ್ದಂತೆಯೇ ತಂದಿದ್ದೆ. ಅದನ್ನು ನೋಡಿದ ಗೆಳೆಯರು "ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟೆಯಾ" ಎಂದು ಕೇಳಿದ್ದರು. ತಿಳಿದವರು ಅದನ್ನೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ಬಣ್ಣ ಹೊಡೆಯುವ ಸ್ಪ್ರೇ ಗನ್ನಿನ ಒತ್ತಡ ಎಷ್ಟು, ದೂರ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಜಾಹೀರಾತನ್ನು ಯಾವ ಎರಡು ಕಡೆ ಹಾಕಿದೆನೆಂಬುದನ್ನೂ ಕೇಳಬೇಡಿ, ಶೆಡ್ಡಿನಲ್ಲಿ ಇನ್ನೊಂದು ಗಾಡಿ ಇದೆ.

ಟೈರುಗಳ ಮೇಲೆ ಒಂದು ಪ್ರಯೋಗವನ್ನೂ ಮಾಡಿದೆ. ಎರಡು ವಾರ ಈಗಿನ ಬಗೆಯ ರೇಡಿಯಲ್ ಟೈರು ಹಾಕಿದ ಚಿತ್ರವಿಟ್ಟೆ, ಮುಂದಿನ ಎರಡು ವಾರ ಹಳೆಯ ಎಫ್70-14 ಅಳತೆಯ, ಸಾವಿರ ಡಾಲರ್ ಕೊಟ್ಟು ತರಿಸಿದ, ಆ ಕಾಲದ ಬಯಾಸ್ ಪ್ಲೈ ಬಗೆಯ ಟೈರುಗಳನ್ನಿಟ್ಟೆ. ಉಳಿದ ಬರಹವೆಲ್ಲ ಅದೇ. ಮೊದಲ ಸಲ ನಾಲ್ಕು ಕರೆಗಳು, ಎರಡನೆಯ ಸಲ ಹನ್ನೊಂದೋ ಹನ್ನೆರಡೋ ಬಂದವು. ಓಡಿಸಲು ಆ ಟೈರುಗಳು ಯಮಯಾತನೆ, ರಸ್ತೆಯ ಪ್ರತಿ ಬಿರುಕನ್ನೂ ಹಿಡಿದು ಎಳೆಯುತ್ತವೆ. ಅದಕ್ಕೇ ರೇಡಿಯಲ್ ಜೊತೆಯನ್ನೂ ಗಾಡಿಯೊಂದಿಗೇ ಕೊಡುತ್ತೇನೆಂದು ಬರೆದೆ.

ಕೊನೆಗೆ ಕೊಂಡವರು ಇಂಡಿಯಾನಾದಿಂದ ಬಂದ, ಮಾತು ಕಡಿಮೆಯ ಮನುಷ್ಯ. ಟಾರ್ಚು ಹಿಡಿದು ನಲವತ್ತು ನಿಮಿಷ ಗಾಡಿಯ ಕೆಳಗೆ ಮಲಗಿದ್ದರು. ನನ್ನ ಪಟ್ಟಿಯ ಹದಿನಾರಕ್ಕೂ ಗುರುತು ಹಾಕಿ ಎದ್ದುಬಂದು, ಹದಿನೇಳನೆಯದನ್ನು ತೋರಿಸಿದರು: ಫೆಂಡರಿಗೆ ಕಾರ್ಖಾನೆಯಲ್ಲೇ ಬಡಿದ ಸಂಕೇತಗಳ ತಗಡು ಪಟ್ಟಿಯ ಪ್ರಕಾರ ಗಾಡಿ ಮಾರ್ಚ್ ತಿಂಗಳದು, ಆಲ್ಟರ್ನೇಟರಿನ ಮೇಲಿನ ತಾರೀಖು ಅದರ ನಂತರದ್ದು. ಆರು ವರ್ಷ ಕಣ್ಣೆದುರಿಗಿದ್ದರೂ ನನಗದು ಕಂಡಿರಲಿಲ್ಲ. ನಾನು ಕೇಳಿದ್ದು 62,000; ಆಲ್ಟರ್ನೇಟರಿಗೆಂದು 500 ಬಿಟ್ಟು 61,500ಕ್ಕೆ ಒಪ್ಪಿದರು, ಬೇರೆ ಚೌಕಾಶಿಯೇ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಹಣ ನನ್ನ ಖಾತೆಗೆ ಬಂದದ್ದನ್ನು ಬ್ಯಾಂಕಿನಲ್ಲೇ ಕೂತು ಖಚಿತಪಡಿಸಿಕೊಂಡ ಮೇಲೆ ಟೈಟಲ್ಲಿಗೆ, ಅಂದರೆ ಗಾಡಿಯ ಒಡೆತನದ ಪತ್ರಕ್ಕೆ, ಸಹಿ ಹಾಕಿ, ನಂಬರ್ ಪ್ಲೇಟನ್ನು ಬಿಚ್ಚಿಟ್ಟುಕೊಂಡೆ. ಷೋರೂಮು, ಹರಾಜು, ಟೈರುಗಳ ಖರ್ಚನ್ನೆಲ್ಲ ಕಳೆದರೂ ಕೈಯಲ್ಲಿ ಸುಮಾರು 5,000 ಉಳಿಯಿತು. ಮುಂದಿನ ಯುಗಾದಿ ಊಟದಲ್ಲಿ ಆ ಹಿರಿಯರ ಪಕ್ಕದ ಎಲೆಯನ್ನೇ ಹುಡುಕಿಕೊಂಡು ಹೋಗಿ ಕೂತೆ.

ಡಿಸೆಂಬರಿನಲ್ಲಿ ಕೊಂಡವರಿಂದ ಕರೆ ಬಂತು. ಗಾಡಿಯ ಮೂಲ ಹಾರ್ನ್ ಒಡೆದಿದ್ದರೂ ಚಿಂತೆಯಿಲ್ಲ, ನಿಮ್ಮ ಬಳಿ ಇದ್ದರೆ 300 ಕೊಡುತ್ತೇನೆ ಎಂದರು. ಅದು ನಾನು ಗಾಡಿ ಕೊಂಡಾಗಲೇ ಇರಲಿಲ್ಲವೆಂದು ಹೇಳಿದೆ. ಹುಡುಕುತ್ತಿದ್ದೇನೆ, ಸಿಕ್ಕರೆ ಆ ಬೆಲೆಗೆ ಕೊಡುವುದಿಲ್ಲ.