ಬೆಲ್ಟಿನ ಮೇಲಿದ್ದ ನಂಬರು ಅಳಿಸಿಹೋಗಿತ್ತು

ಟೇಬಲ್ ಸಾದಲ್ಲಿ (ಮೇಜಿನ ಮೇಲೆ ಬ್ಲೇಡು ತಿರುಗುವ ಗರಗಸ) ಹಲಸಿನ ಹಲಗೆ ಸೀಳುತ್ತಿದ್ದಾಗ ಬ್ಲೇಡು ನಿಂತೇಬಿಟ್ಟಿತು. ಮೋಟರು ಮಾತ್ರ ಗುಂಯ್ ಅಂತ ತಿರುಗುತ್ತಲೇ ಇತ್ತು. ಹಿಂದೆಯೇ ರಬ್ಬರ್ ಸುಟ್ಟ ವಾಸನೆ. ತಿಂಗಳಿಂದ ಸ್ವಿಚ್ ಹಾಕಿದಾಗಲೆಲ್ಲ ಕೀಚ್ ಅನ್ನುತ್ತಿತ್ತು, ಬೇರಿಂಗಿಗೆ ಗ್ರೀಸ್ ಬೇಕೇನೋ ಅಂದುಕೊಂಡು ಸುಮ್ಮನಿದ್ದೆ. ತಂಗಿ ಮಗಳ ಮದುವೆಗೆ ಹಸೆಮಣೆ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡಿದ್ದೆ, ಉಳಿದದ್ದು ಹದಿನೈದೇ ದಿನ.

ನನ್ನ ಟೇಬಲ್ ಸಾ ಡಬ್ಬದಲ್ಲಿ ಬಂದದ್ದಲ್ಲ. ನಮ್ಮೂರ ಆಚಾರ್ರು ಹೊಸದು ತಗೊಂಡಾಗ ಅವರ ಹಳೆಯದನ್ನು ನಾನು ತಂದುಕೊಂಡೆ. ಆಂಗಲ್ ಸ್ಟ್ಯಾಂಡು, 10 ಇಂಚಿನ ಬ್ಲೇಡು, ಕೆಳಗೆ ಒಂದೂವರೆ ಎಚ್‌ಪಿ ಮೋಟರು. ಮೋಟರಿಗೆ 5 ಇಂಚಿನ ಪುಲ್ಲಿ (ಬೆಲ್ಟು ಸುತ್ತುವ ಗಾಲಿ), ಬ್ಲೇಡಿನ ಶಾಫ್ಟಿಗೆ ಎರಡೂವರೆ ಇಂಚಿನದು, ಎರಡನ್ನೂ ಸುತ್ತಿ ಒಂದು ವಿ ಬೆಲ್ಟು (ಅಡ್ಡ ಕತ್ತರಿಸಿದರೆ ವಿ ಆಕಾರದ್ದು). ಹಾಗಾಗಿ ಮೋಟರಿನ ನಿಮಿಷಕ್ಕೆ 1440 ಸುತ್ತು ಬ್ಲೇಡಿನಲ್ಲಿ ಅದರ ಎರಡರಷ್ಟಾಗುತ್ತದೆ.

ಪ್ಲಗ್ ಕಿತ್ತು ಟೇಬಲ್ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟೆ. ಸ್ವಿಚ್ ಆಫ್ ಮಾಡಿದರೆ ಸಾಕು ಅನ್ನುವವರ ಮಾತು ನಾನು ಕೇಳುವುದಿಲ್ಲ. ಮೋಟರಿನ ನಾಲ್ಕು ಬೋಲ್ಟ್ ಸಡಿಲಿಸಿ ಮೇಲಕ್ಕೆತ್ತಿದರೆ ಬೆಲ್ಟು ತಾನಾಗಿ ಕಳಚಿ ಬಂತು. ಒಂದು ಪಕ್ಕ ನುಣ್ಣಗೆ ಗಾಜಿನ ಹಾಗೆ ಹೊಳೆಯುತ್ತಿತ್ತು, ಇನ್ನೊಂದು ಪಕ್ಕ ಸವೆದು ದಾರ ಎದ್ದಿತ್ತು. ಮೇಲಿನ ನಂಬರು ಪೂರ್ತಿ ಅಳಿಸಿಹೋಗಿತ್ತು. ಮನೆಯವಳ ಟೈಲರ್ ಟೇಪ್ ತಂದು ಬೆಲ್ಟಿನ ಸುತ್ತ ಹಿಡಿದೆ. 44 ಇಂಚು. ಅಗಲ ಅರ್ಧ ಇಂಚು, ಅಂದರೆ ಎ ಸೆಕ್ಷನ್ (ಬೆಲ್ಟಿನ ಅಗಲ, ದಪ್ಪಕ್ಕೆ ಎ, ಬಿ ಅಂತ ಹೆಸರು). ಪೇಟೆಗೆ ಹೋಗಿ "ಎ 44 ಕೊಡಿ" ಅಂದೆ, ಕೊಟ್ಟರು.

ಹಾಕಿ ನೋಡಿದರೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿತ್ತು. ಮೋಟರನ್ನು ಸ್ಲಾಟಿನ ಕೊನೆಗೆ ತಳ್ಳಿದರೂ ಬಿಗಿಯಾಗಲಿಲ್ಲ. ಆದರೂ ಒಂದು ಸಲ ಓಡಿಸಿ ನೋಡಿದೆ, ಅದು ಇನ್ನೊಂದು ದಡ್ಡತನ. ಮರುದಿನ ಅಂಗಡಿಯ ಹಿರಿಯರು ಕೇಳಿದ್ದು ಒಂದೇ ಮಾತು: "ಒಳಗಡೆ ಅಳೆದ್ರೋ, ಹೊರಗಡೆನೋ ಸಾರ್?"

ಎ, ಬಿ ಬೆಲ್ಟುಗಳ ಮೇಲಿನ ನಂಬರು ಒಳಸುತ್ತಿನ ಇಂಚು. ಎ ಬೆಲ್ಟಿನ ದಪ್ಪ 8 ಮಿಲಿಮೀಟರು, ಹಾಗಾಗಿ ಹೊರಗಿನ ಸುತ್ತು ಒಳಗಿನದಕ್ಕಿಂತ ಸುಮಾರು ಎರಡು ಇಂಚು ಜಾಸ್ತಿ ಬರುತ್ತದೆ. ನನಗೆ ಬೇಕಿದ್ದದ್ದು ಎ 42. ಓಡಿಸಿದ ಬೆಲ್ಟು ವಾಪಸ್ ತಗೊಳ್ಳಲಿಲ್ಲ, ತಗೊಳ್ಳಬೇಕಾಗಿಯೂ ಇರಲಿಲ್ಲ.

ಒಂದೇ ಪಕ್ಕ ಯಾಕೆ ಸವೆಯಿತು ಅನ್ನುವುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅದು ಗೊತ್ತಾಗದೆ ಹೊಸದು ಹಾಕಿದರೆ ಅದರ ಗತಿಯೂ ಇಷ್ಟೇ. ಎರಡೂ ಪುಲ್ಲಿಯ ಮುಖಕ್ಕೆ ನೇರವಾದ ಅಲ್ಯೂಮಿನಿಯಂ ಪೈಪ್ ಹಿಡಿದೆ. ಮೋಟರಿನ ಪುಲ್ಲಿಯ ಹತ್ತಿರ ಎರಡು ಮಿಲಿಮೀಟರು ಸಂದು. ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲಾಗಿ ಪುಲ್ಲಿ ಶಾಫ್ಟಿನ ಮೇಲೆ ಒಳಗೆ ಜಾರಿತ್ತು. ಎರಡೂ ಪುಲ್ಲಿಯ ಅಂಚು ಒಂದೇ ದಪ್ಪ ಇದ್ದದ್ದರಿಂದ ಪೈಪ್ ಸಾಕಾಯಿತು, ದಪ್ಪ ಬೇರೆಬೇರೆ ಇದ್ದರೆ ಬೆಲ್ಟು ಕೂರುವ ಗ್ರೂವಿನಿಂದ ಗ್ರೂವಿಗೆ ನೋಡಿ ಹೊಂದಿಸಬೇಕು. ಮರದ ತುಂಡು ಕೊಟ್ಟು ಮೆಲ್ಲಗೆ ಬಡಿದು ಪುಲ್ಲಿಯನ್ನು ಸಾಲಿಗೆ ತಂದು ಅಲೆನ್ ಕೀಯಿಂದ ಬಿಗಿದೆ.

ಪುಲ್ಲಿಯ ಗ್ರೂವಿನಲ್ಲಿ ಹಲಸಿನ ಹಳದಿ ಹೊಟ್ಟು ಹೋಳಿಗೆ ಹೂರಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಬಿದಿರಿನ ಕಡ್ಡಿಯಿಂದ ಕೆರೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಅದರ ಜೊತೆ ಅಂಟಂಟು ರಾಳವೂ ಬಂತು. ಹಿಟ್ಟಿನ ಗಿರಣಿಯವರು ಚಪ್ಪಟೆ ಬೆಲ್ಟಿಗೆ ರಾಳ ಹಚ್ಚುವುದನ್ನು ನೋಡಿ ನಾನೂ ಒಮ್ಮೆ ಇದಕ್ಕೆ ಹಚ್ಚಿದ್ದೆ, ಯಾರಿಗೂ ಹೇಳಿರಲಿಲ್ಲ. ವಿ ಬೆಲ್ಟು ಎರಡು ಪಕ್ಕಗಳಿಂದ ಗ್ರೂವಿಗೆ ಸಿಕ್ಕಿಕೊಂಡು ಎಳೆಯುತ್ತದೆ, ತಳ ಮುಟ್ಟಬಾರದು. ನನ್ನ ಚಿಕ್ಕ ಪುಲ್ಲಿಯ ಗ್ರೂವಿನ ತಳ ಹೊಳೆಯುತ್ತಿತ್ತು. ಹಳೇ ಬೆಲ್ಟು ಸವೆದು ಕೆಳಗಿಳಿದು ತಳದ ಮೇಲೆ ಜಾರುತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹೊಸದು ಕೂತಾಗ ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮ ನಿಂತಿತು.

ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸುವ ಆಸೆ ಕೈಗೆ ಬರುತ್ತದೆ. ಮೀಟಿದರೆ ಒಳಗಿನ ದಾರ ಹರಿಯುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಮೋಟರನ್ನೇ ಎತ್ತಿ ಬೆಲ್ಟ್ ಕೂರಿಸಿ ಆಮೇಲೆ ಇಳಿಸಿದೆ. ಬಿಗಿ ನೋಡುವುದು ಹೆಬ್ಬೆರಳಲ್ಲಿ: ನನ್ನ ಪುಲ್ಲಿಗಳ ನಡುವೆ 16 ಇಂಚು ದೂರ, ಮಧ್ಯದಲ್ಲಿ ಒತ್ತಿದರೆ ಕಾಲು ಇಂಚು ತಗ್ಗಬೇಕು. ಅದಕ್ಕಿಂತ ಬಿಗಿದರೆ ಬೇರಿಂಗ್ ತಿನ್ನುತ್ತದೆ. ಕೈಯಲ್ಲಿ ತಿರುಗಿಸಿ ನೋಡುವಾಗ ಬೆಲ್ಟನ್ನು ಹಿಡಿಯಬೇಡಿ, ದೊಡ್ಡ ಪುಲ್ಲಿಯ ಮುಖಕ್ಕೆ ಅಂಗೈ ಒತ್ತಿ ತಿರುಗಿಸಿ. ಬೆರಳು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕರೆ ಮೋಟರು ಓಡದೆಯೂ ಚರ್ಮ ಸುಲಿಯುತ್ತದೆ.

ಬೆಲ್ಟು ಮುಚ್ಚುವ ಗಾರ್ಡ್ ಹಾಕಿ ಅರ್ಧ ಗಂಟೆ ಖಾಲಿ ಓಡಿಸಿದೆ. ಹೊಸ ಬೆಲ್ಟು ಕೂರುತ್ತಾ ಸ್ವಲ್ಪ ಸಡಿಲವಾಗುತ್ತದೆ, ಮರುದಿನ ಮೋಟರನ್ನು ಒಂದು ನೂಲಿನಷ್ಟು ಇಳಿಸಿ ಮತ್ತೆ ಬಿಗಿದೆ. ಕೀಚ್ ಸದ್ದು ಹೋಯಿತು. ಎರಡು ಇಂಚಿನ ಹಲಸು ತಡೆಯಿಲ್ಲದೆ ಸೀಳಿಕೊಂಡು ಹೋಯಿತು.

ಗಾರ್ಡಿನ ಒಳಮೈಗೆ ಬಿಳಿ ಪೇಂಟಿನಲ್ಲಿ "ಎ 42" ಅಂತ ಬರೆದಿದ್ದೇನೆ. ಎ 44 ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಆ ಸೈಜು ಬೇಕಾದವರು ಬಂದು ತಗೊಂಡು ಹೋಗಬಹುದು.