ಬಾಳೆಹಣ್ಣಿನ ಡಿಎನ್‌ಎ: ಪ್ರನಾಳದಲ್ಲಿ ತೆಗೆಯುವುದು, ಕಾಗದದ ಮೇಲೆ ಓದುವುದು

ಫೆಬ್ರುವರಿ 28ರ ವಿಜ್ಞಾನ ದಿನ ಹತ್ತಿರವಾಯಿತೆಂದರೆ ಮೈಸೂರು, ಮಂಡ್ಯದ ಶಾಲೆಗಳ ವಸ್ತುಪ್ರದರ್ಶನಗಳಲ್ಲಿ ಬಾಳೆಹಣ್ಣಿನಿಂದ ಡಿಎನ್‌ಎ ತೆಗೆದು ತೋರಿಸುವ ಮೇಜು ಒಂದಾದರೂ ಕಾಣಸಿಗುತ್ತದೆ. ಅಲ್ಲಿ ಎರಡು ಬಗೆಯ ಎಡವಟ್ಟುಗಳನ್ನು ಮೇಲಿಂದ ಮೇಲೆ ನೋಡಿದ್ದೇನೆ. ಒಂದು, ಲೋಟದ ತುಂಬ ನೊರೆ ಬಂದು ಬೇರೇನೂ ಕಾಣಿಸದಿರುವುದು. ಇನ್ನೊಂದು, ಎಳೆ ಚೆನ್ನಾಗಿಯೇ ಬಂದಿದ್ದರೂ ವಿದ್ಯಾರ್ಥಿ ಅದನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು, ‘ಇದೇ ನೋಡಿ ಜೋಡಿಸುರುಳಿ’ ಎಂದುಬಿಡುವುದು. ಜೋಡಿಸುರುಳಿ ಎಂದರೆ ಡಿಎನ್‌ಎ ಅಣುವಿನ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡ ಆಕಾರ. ಕಣ್ಣಿಗೆ ಕಾಣುವುದು ವಸ್ತು ಮಾತ್ರ. ತಂದೆತಾಯಿಯಿಂದ ಮಕ್ಕಳಿಗೆ ದಾಟುವ ಮಾಹಿತಿ ಇರುವುದು ಆ ವಸ್ತುವಿನೊಳಗಿನ ಘಟಕಗಳ ಕ್ರಮದಲ್ಲಿ, ಮತ್ತು ಆ ಕ್ರಮ ಯಾವ ಪ್ರನಾಳದಲ್ಲೂ ಕಾಣುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಪ್ರನಾಳದ ಪಕ್ಕದಲ್ಲಿ ಕಾಗದದ ಪಟ್ಟಿಗಳೂ ಒಂದು ಕತ್ತರಿಯೂ ಇರಲೇಬೇಕು.

ಬೇಕಾದ ಸಾಮಾನು

ಚುಕ್ಕೆ ಬಿದ್ದ ಪಚ್ಚಬಾಳೆ ಅರ್ಧ, ನೀರು 100 ಮಿಲಿಲೀಟರ್, ಪುಡಿಯುಪ್ಪು ಒಂದು ಚಮಚ, ಪಾತ್ರೆ ತೊಳೆಯುವ ದ್ರವ ಸೋಪು ಎರಡು ಚಮಚ, ಹಳೆಯ ಪಂಚೆಯ ತುಂಡು, ಟೀ ಸೋಸುವ ಜರಡಿ, ಎರಡು ಮೂರು ಗಾಜಿನ ಪ್ರನಾಳ, ಪೊರಕೆ ಕಡ್ಡಿ, ತಣ್ಣಗಿನ ಆಲ್ಕೋಹಾಲ್. ನಂಜನಗೂಡಿನ ರಸಬಾಳೆಯನ್ನು ಇದಕ್ಕೆ ಬಳಸುವವರಿದ್ದಾರೆ. ಆ ಬೆಲೆಗೆ ಕೊಂಡ ಹಣ್ಣನ್ನು ಸೋಪಿನಲ್ಲಿ ಕಿವುಚುವುದು ನನಗೆ ಒಪ್ಪಿಗೆಯಿಲ್ಲ. ಏಲಕ್ಕಿ ಬಾಳೆಯೂ ಆಗುತ್ತದೆ, ಆದರೆ ಡಿಎನ್‌ಎಯನ್ನು ಹೊತ್ತ ವರ್ಣತಂತುಗಳು ಅದರ ಜೀವಕೋಶದಲ್ಲಿ ಹನ್ನೊಂದರ ಎರಡು ಗುಂಪುಗಳಾಗಿದ್ದರೆ ಪಚ್ಚಬಾಳೆಯಲ್ಲಿ ಮೂರು ಗುಂಪುಗಳಾಗಿವೆ, ಅಂದರೆ ಡಿಎನ್‌ಎ ಹೆಚ್ಚು.

ಆಲ್ಕೋಹಾಲ್ ವಿಷಯದಲ್ಲಿ ಜಿಪುಣತನ ಸಲ್ಲದು. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ನೀರೂ ಅಂಟು ಪದಾರ್ಥವೂ ಸೇರಿರುವುದರಿಂದ ಅದು ಈ ಕೆಲಸಕ್ಕೆ ಬಾರದು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ಒರೆಸಲೆಂದು ಮಾರುವ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಸೀಸೆಯ ಮೇಲೆ ಶೇ 90ಕ್ಕಿಂತ ಹೆಚ್ಚು ಎಂದಿರಬೇಕು. ಸೀಸೆಯನ್ನು ಬಿಗಿಯಾಗಿ ಮುಚ್ಚಿ, ಐಸ್ ತುಂಡುಗಳಿಗೆ ಕೈತುಂಬ ಉಪ್ಪು ಬೆರೆಸಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಡಿ. ಇದು ಬೇಗ ಬೆಂಕಿ ಹತ್ತುವ ವಸ್ತುವಾದ್ದರಿಂದ ಉದ್ಘಾಟನೆಯ ದೀಪದ ಹತ್ತಿರ ನಿಮ್ಮ ಮೇಜು ಇರಕೂಡದು. ‘ಡಿಎನ್‌ಎ ಕಿಟ್’ ಎಂದು ಮಾರುವ ದುಬಾರಿ ಪೆಟ್ಟಿಗೆಗಳಲ್ಲಿ ಬಹುಮಟ್ಟಿಗೆ ಇರುವುದು ಇದೇ ಉಪ್ಪು, ಇದೇ ಸೋಪು.

ಕಿವುಚುವುದು, ಸೋಸುವುದು

ಹಣ್ಣನ್ನು ಕೈಯಲ್ಲೇ ಕಿವುಚಿ. ಮಿಕ್ಸಿ ಬೇಡ, ಅದರ ಬಿರುಸಿಗೆ ಉದ್ದನೆಯ ಅಣುಗಳು ತುಂಡಾಗುತ್ತವೆ. ನೀರಿಗೆ ಉಪ್ಪು ಹಾಕಿ ಕರಗಿಸಿ, ಆಮೇಲೆ ಸೋಪು ಸೇರಿಸಿ, ಹಣ್ಣಿನ ಮೇಲೆ ಸುರಿದು ಹತ್ತು ನಿಮಿಷ ಆಗಾಗ ನಿಧಾನವಾಗಿ ತಿರುವಿ. ಜೀವಕೋಶದ ಹೊರಪೊರೆಯೂ ಕೋಶಕೇಂದ್ರದ ಪೊರೆಯೂ ಕೊಬ್ಬಿನಂಶದಿಂದ ಆಗಿರುವುದರಿಂದ ಸೋಪು ಅವನ್ನು ಒಡೆಯುತ್ತದೆ. ಡಿಎನ್‌ಎಯ ಬೆನ್ನೆಲುಬಿನಲ್ಲಿರುವ ಫಾಸ್ಫೇಟ್ ಗುಂಪುಗಳಿಗೆ ಋಣ ವಿದ್ಯುದಂಶವಿದ್ದು ಅವು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪಿನ ಸೋಡಿಯಂ ಅಯಾನುಗಳು ಆ ವಿದ್ಯುದಂಶವನ್ನು ತಣಿಸಿದಾಗಲೇ ಅಣುಗಳು ಒಂದೆಡೆ ಕೂಡಲು ಸಾಧ್ಯ. ಬಟ್ಟೆ ಒಗೆಯುವ ಪುಡಿ ಬೇಡ, ನೊರೆಯೇ ಗೆಲ್ಲುತ್ತದೆ.

ಜರಡಿಯ ಮೇಲೆ ಪಂಚೆಯ ತುಂಡು ಹಾಸಿ ಸೋಸಿ. ಬಟ್ಟೆಯನ್ನು ಹಿಂಡಬೇಡಿ, ತಾನಾಗಿ ಇಳಿದ ರಸವೇ ಸಾಕು.

ಆಲ್ಕೋಹಾಲ್ ಇಳಿಸುವುದು

ಹತ್ತರಲ್ಲಿ ಒಂಬತ್ತು ಮೇಜುಗಳು ಕೆಡುವುದು ಇಲ್ಲಿ. ಮೊದಲು ಸೋಸಿದ ರಸದ ಮೇಲಿನ ನೊರೆಯನ್ನು ಚಮಚದಿಂದ ಪೂರ್ತಿ ತೆಗೆದುಹಾಕಿ, ರಸವನ್ನೂ ಐಸಿನಲ್ಲಿಟ್ಟು ತಣಿಸಿ. ಅಗಲ ಬಾಯಿಯ ಲೋಟದಲ್ಲಿ ಎರಡು ದ್ರವಗಳು ಸಂಧಿಸುವ ಜಾಗ ಹರಡಿಹೋಗಿ ಎಳೆಗಳು ತೆಳುವಾಗುತ್ತವೆ. ಆದ್ದರಿಂದ ಕಿರಿದಾದ ಪ್ರನಾಳವನ್ನೇ ಬಳಸಿ, ಅದರ ಮೂರನೇ ಒಂದು ಭಾಗದಷ್ಟು ಮಾತ್ರ ರಸ ಹಾಕಿ. ಪ್ರನಾಳವನ್ನು ಓರೆಯಾಗಿ ಹಿಡಿದು, ಡ್ರಾಪರ್‌ನ ತುದಿಯನ್ನು ಗಾಜಿನ ಒಳಗೋಡೆಗೆ ತಾಗಿಸಿ, ಆಲ್ಕೋಹಾಲ್ ಗೋಡೆಗುಂಟ ಜಾರಿ ರಸದ ಮೇಲೆ ಪದರವಾಗಿ ನಿಲ್ಲುವಂತೆ ಬಿಡಿ. ಆಲ್ಕೋಹಾಲ್ ಹಗುರವಾದ್ದರಿಂದ ಮೇಲೆಯೇ ನಿಲ್ಲುತ್ತದೆ, ಆದರೆ ಒಮ್ಮೆಗೇ ಸುರಿದರೆ ಎರಡೂ ಬೆರೆತು ಮಜ್ಜಿಗೆಯ ಬಣ್ಣ ಬರುತ್ತದೆ. ಹಾಗಾದರೆ ಆ ಪ್ರನಾಳವನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರುಮಾಡಿ, ಅಲುಗಾಡಿಸಿ ಸರಿಪಡಿಸಲು ಹೋಗಬೇಡಿ. ರಸದಷ್ಟೇ ಎತ್ತರದ ಪದರ ನಿಂತ ಮೇಲೆ ಪ್ರನಾಳವನ್ನು ನೆಟ್ಟಗೆ ಇಟ್ಟು, ಹಿಂದೆ ಕಪ್ಪು ಕಾಗದ ಹಿಡಿದು, ಹತ್ತು ನಿಮಿಷ ಮುಟ್ಟದೆ ಬಿಡಿ. ಡಿಎನ್‌ಎ ನೀರಿನಲ್ಲಿ ಕರಗುತ್ತದೆ, ಆಲ್ಕೋಹಾಲ್‌ನಲ್ಲಿ ಕರಗುವುದಿಲ್ಲ; ಹಾಗಾಗಿ ಎರಡು ಪದರಗಳ ನಡುವಿನ ಗೆರೆಯಲ್ಲಿ ಬಿಳಿಯ ಎಳೆಗಳು ಹುಟ್ಟಿ, ಸಣ್ಣ ಗುಳ್ಳೆಗಳನ್ನು ಸಿಕ್ಕಿಸಿಕೊಂಡು ಮೇಲೇಳುತ್ತವೆ.

ಈಗ ಒಂದು ಎಚ್ಚರಿಕೆ. ಬಾಳೆಹಣ್ಣಿನ ಪೆಕ್ಟಿನ್ ಕೂಡ ಆಲ್ಕೋಹಾಲ್‌ನಲ್ಲಿ ಲೋಳೆಯಾಗಿ ಹೊರಬರುತ್ತದೆ, ಪ್ರೋಟೀನ್ ಮತ್ತು ಡಿಎನ್‌ಎಯ ಹತ್ತಿರದ ನಂಟಿನ ಆರ್‌ಎನ್‌ಎ ಸಹ ಜೊತೆಗೂಡುತ್ತವೆ. ಪೊರಕೆ ಕಡ್ಡಿಯನ್ನು ಗೆರೆಯ ಬಳಿ ಮೆಲ್ಲನೆ ತಿರುಗಿಸಿದಾಗ ನೂಲಿನಂತೆ ಸುತ್ತಿಕೊಳ್ಳುವುದರಲ್ಲಿ ಡಿಎನ್‌ಎ ಹೆಚ್ಚಿರುತ್ತದೆ. ಜೆಲ್ಲಿಯಂತೆ ತುಂಡಾಗಿ ಜಾರುವುದು ಹೆಚ್ಚಾಗಿ ಪೆಕ್ಟಿನ್. ಶುದ್ಧ ಡಿಎನ್‌ಎ ಎಂದು ಚೀಟಿ ಬರೆಯಬೇಡಿ. ಮೀಥಿಲೀನ್ ನೀಲಿ ಹಾಕಿ ‘ಸಾಬೀತು’ ಮಾಡುವುದೂ ಬೇಡ, ಅದು ಬೇರೆ ಅನೇಕ ವಸ್ತುಗಳಿಗೂ ಬಣ್ಣ ಹತ್ತಿಸುತ್ತದೆ. ಪ್ರೋಟೀನ್ ಕಡಿಮೆ ಮಾಡಬೇಕೆಂದರೆ ಸೋಸಿದ ರಸಕ್ಕೆ ಒಂದು ಚಮಚ ಹಸಿ ಅನಾನಸ್ ರಸ ಸೇರಿಸಿ ಐದು ನಿಮಿಷ ಬಿಡಬಹುದು. ಪೊಟ್ಟಣದ ರಸವನ್ನು ಮೊದಲೇ ಕಾಯಿಸಿರುವುದರಿಂದ ಪ್ರೋಟೀನನ್ನು ಒಡೆಯುವ ಅದರ ಕಿಣ್ವ ಸತ್ತಿರುತ್ತದೆ.

1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೆಡ್ರಿಕ್ ಮೀಷರ್ ಈ ವಸ್ತುವನ್ನು ಮೊದಲ ಸಲ ಬೇರ್ಪಡಿಸಿದ್ದು ಗಾಯದ ಪಟ್ಟಿಗಳಲ್ಲಿದ್ದ ಕೀವಿನ ಜೀವಕೋಶಗಳಿಂದ. ಅದು ಆನುವಂಶಿಕ ವಸ್ತುವೆಂಬುದಕ್ಕೆ ಗಟ್ಟಿ ಪುರಾವೆ ಬಂದದ್ದು 1944ರಲ್ಲಿ, ಏವರಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಪ್ರಯೋಗದಿಂದ. ವಸ್ತು ಕೈಗೆ ಸಿಕ್ಕಿದ್ದಕ್ಕೂ ಅದರ ಕೆಲಸ ತಿಳಿದದ್ದಕ್ಕೂ ನಡುವೆ 75 ವರ್ಷಗಳ ಅಂತರವಿದೆ.

ಪಟ್ಟಿ ಬರೆಯುವುದು

ಡಿಎನ್‌ಎಯ ಒಂದು ಜೋಡಿಸುರುಳಿಯ ಅಗಲ ಸುಮಾರು 2 ನ್ಯಾನೋಮೀಟರ್. ದೂರದಿಂದ ಹಗ್ಗ ಕಂಡರೂ ನಾರು ಕಾಣದಿರುವಂತೆ, ಕಡ್ಡಿಗೆ ಸುತ್ತಿದ್ದು ಲೆಕ್ಕವಿಲ್ಲದಷ್ಟು ಅಣುಗಳ ಸಿಕ್ಕು. ಮುಂದಿನದನ್ನು ಕಾಗದದಲ್ಲೇ ತೋರಿಸಬೇಕು. ಒಂದು ಪಟ್ಟಿಯ ಮೇಲೆ ಎ, ಟಿ, ಜಿ, ಸಿ ಅಕ್ಷರಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಬರೆಯಿರಿ. ಇವು ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳು. ಎದುರಿನ ಪಟ್ಟಿಯಲ್ಲಿ ಎಗೆ ಟಿ, ಜಿಗೆ ಸಿ ಬರೆಯಿರಿ. ಎ–ಟಿ ನಡುವೆ ಎರಡು, ಜಿ–ಸಿ ನಡುವೆ ಮೂರು ಹೈಡ್ರೋಜನ್ ಬಂಧಗಳು ಏರ್ಪಡುತ್ತವೆ. ಈಗ ಪಟ್ಟಿಗಳನ್ನು ಬೇರೆ ಮಾಡಿ ಇಬ್ಬರು ಮಕ್ಕಳಿಗೆ ಒಂದೊಂದನ್ನು ಕೊಟ್ಟು ಎದುರು ಪಟ್ಟಿ ಬರೆಯಲು ಹೇಳಿದರೆ ಮೊದಲಿನಂಥದೇ ಎರಡು ಜೋಡಿಗಳು ಸಿಗುತ್ತವೆ. ಜೀವಕೋಶ ಒಡೆದು ಎರಡಾಗುವ ಮೊದಲು ನಡೆಯುವ ನಕಲು ಇದೇ ಬಗೆಯದು.

ಜೋಡಿಸುರುಳಿಯ ಈ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಮಂಡಿಸಿದರು, ಅದಕ್ಕೆ ರೊಸಾಲಿಂಡ್ ಫ್ರಾಂಕ್ಲಿನ್ ಪ್ರಯೋಗಾಲಯದ ಎಕ್ಸ್‌ರೇ ಚಿತ್ರದ ಆಧಾರವಿತ್ತು. ಥರ್ಮೋಕೋಲಿನ ಮಾದರಿ ಮಾಡುವವರು ಅದನ್ನು ನೆಟ್ಟಗೆ ನಿಲ್ಲಿಸಿ ನೋಡಲಿ: ಎದುರಿಗೆ ಕಾಣುವ ಎಳೆಗಳು ಎಡಗಡೆಯ ಕೆಳಗಿನಿಂದ ಬಲಗಡೆಯ ಮೇಲಕ್ಕೆ ಏರಬೇಕು. ಅಂಗಡಿಯ ಸಿದ್ಧ ಮಾದರಿಗಳಲ್ಲೂ ಚಾರ್ಟುಗಳಲ್ಲೂ ಇದು ಎಷ್ಟೋ ಸಲ ತಿರುಗುಮುರುಗಾಗಿರುತ್ತದೆ.

ಪಟ್ಟಿ ಓದುವುದು

ಜೀನ್ ಎಂದರೆ ಡಿಎನ್‌ಎಯ ಒಂದು ಭಾಗ. ಅದರ ಕ್ರಮವನ್ನು ಜೀವಕೋಶ ಆರ್‌ಎನ್‌ಎಗೆ ಇಳಿಸಿಕೊಳ್ಳುತ್ತದೆ. ಅಲ್ಲಿ ಟಿ ಬದಲು ಯು, ಅಂದರೆ ಯುರಾಸಿಲ್, ಬರುತ್ತದೆ. ರೈಬೋಸೋಮ್ ಆ ಆರ್‌ಎನ್‌ಎಯನ್ನು ಮೂರು ಮೂರು ಅಕ್ಷರಗಳಾಗಿ ಓದಿ ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೋಟೀನ್ ಕಟ್ಟುತ್ತದೆ. ಮೂರೇ ಏಕೆ ಎಂದು ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. ಎರಡೆರಡಾದರೆ 16 ಜೋಡಣೆಗಳಷ್ಟೇ ಸಾಧ್ಯ, 20 ಅಮೈನೋ ಆಮ್ಲಗಳಿಗೆ ಸಾಲದು. ಮೂರು ಮೂರಾದರೆ 64 ಸಿಗುತ್ತವೆ, ಅವುಗಳಲ್ಲಿ ಮೂರು ‘ಇಲ್ಲಿಗೆ ನಿಲ್ಲಿಸು’ ಎಂಬ ಸೂಚನೆಗಳು. ಆದರೆ ಇದು ಬರೀ ಲೆಕ್ಕ. ಪ್ರಯೋಗದ ಉತ್ತರ ಹರಗೋಬಿಂದ ಖೊರಾನ ಅವರ ಕೆಲಸದಲ್ಲಿದೆ. ಉದ್ದ ಪಟ್ಟಿಯ ಮೇಲೆ ಯು–ಸಿ–ಯು–ಸಿ–ಯು–ಸಿ ಎಂದು ಸತತವಾಗಿ ಬರೆದು ಕತ್ತರಿಯಿಂದ ಎರಡೆರಡು ಅಕ್ಷರಕ್ಕೆ ಕತ್ತರಿಸಿದರೆ ತುಂಡುಗಳೆಲ್ಲ ಒಂದೇ ತೆರ. ಒಂದೇ ಅಮೈನೋ ಆಮ್ಲ ಬರಬೇಕಾಗಿತ್ತು. ಮೂರು ಮೂರಕ್ಕೆ ಕತ್ತರಿಸಿದರೆ ಯುಸಿಯು, ಸಿಯುಸಿ ಎಂಬ ಎರಡು ಬಗೆಯ ತುಂಡುಗಳು ಒಂದಾದ ಮೇಲೊಂದು ಬರುತ್ತವೆ. ಖೊರಾನ ಇಂಥ ಆರ್‌ಎನ್‌ಎಯನ್ನು ಬಳಸಿದಾಗ ಸೆರಿನ್, ಲ್ಯೂಸಿನ್ ಎಂಬ ಎರಡು ಅಮೈನೋ ಆಮ್ಲಗಳು ಸರದಿಯಂತೆ ಪೋಣಿಸಿಕೊಂಡು ಬಂದವು. ನಿರೆನ್‌ಬರ್ಗ್ ಮತ್ತು ಹೋಲಿ ಅವರೊಂದಿಗೆ ಖೊರಾನ 1968ರ ನೊಬೆಲ್ ಪ್ರಶಸ್ತಿ ಪಡೆದರು. ಪ್ರದರ್ಶನದಲ್ಲಿ ಈ ಕತ್ತರಿಯ ಕೆಲಸಕ್ಕೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಒಂದು ಅಕ್ಷರ ಬದಲಾದರೆ ಏನಾದೀತು ಎಂಬುದಕ್ಕೆ ನಮ್ಮ ಸೀಮೆಯ ಉದಾಹರಣೆಯೇ ಇದೆ. ಮೈಸೂರು, ಚಾಮರಾಜನಗರದ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಕಾಣಿಸುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಹಿಮೋಗ್ಲೋಬಿನ್‌ನ ಭಾಗವಾದ ಬೀಟಾ ಗ್ಲೋಬಿನ್ ಪ್ರೋಟೀನಿನ ಜೀನಿನಲ್ಲಿ ಒಂದು ಜಿಎಜಿ ತುಂಡು ಜಿಟಿಜಿ ಆಗಿರುತ್ತದೆ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದು, ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ, ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಬದಲಾದ ಜೀನ್ ತಂದೆತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಈ ರೋಗ. ಒಬ್ಬರಿಂದ ಮಾತ್ರ ಬಂದರೆ ಮಗು ಅದರ ವಾಹಕ.

‘ಮನುಷ್ಯನ ಅರ್ಧ ಡಿಎನ್‌ಎ ಬಾಳೆಯದೇ’ ಎಂಬ ವಾಕ್ಯವನ್ನು ಚಾರ್ಟಿನ ಮೇಲೆ ಬರೆಯಬೇಡಿ. ಆ ಮಾತಿಗೆ ಮೂಲ ಜೀನ್‌ಗಳ ಮತ್ತು ಪ್ರೋಟೀನ್‌ಗಳ ನಡುವಿನ ಹೋಲಿಕೆಯೇ ಹೊರತು ಅಕ್ಷರಕ್ಕೆ ಅಕ್ಷರ ಹೊಂದುವುದಲ್ಲ. ನಾಲ್ಕು ಪ್ರತ್ಯಾಮ್ಲಗಳೂ ಓದುವ ಸಂಕೇತವೂ ಎರಡರಲ್ಲೂ ಒಂದೇ ಎಂದು ಬರೆದರೆ ಸಾಕು, ಅದು ನಿಜ.

ಪ್ರದರ್ಶನ ಮುಗಿದ ಮೇಲೆ ಎಳೆಯನ್ನು ಸ್ವಲ್ಪ ಆಲ್ಕೋಹಾಲ್ ಇರುವ ಪುಟ್ಟ ಸೀಸೆಗೆ ಹಾಕಿ ಬಿಗಿಯಾಗಿ ಮುಚ್ಚಿ, ದಿನಾಂಕ ಬರೆದಿಡಿ. ಮಿಕ್ಕ ದ್ರವವನ್ನು ಧಾರಾಳವಾಗಿ ನೀರು ಬೆರೆಸಿ ಬಚ್ಚಲಿಗೆ ಸುರಿಯಿರಿ. ಪಂಚೆಯ ತುಂಡಿನಲ್ಲಿ ಉಳಿದ ತಿರುಳಿನಲ್ಲಿ ಉಪ್ಪು, ಸೋಪು ಇರುವುದರಿಂದ ಅದನ್ನು ಗಿಡದ ಬುಡಕ್ಕೂ ದನದ ಬಾನಿಗೂ ಹಾಕದೆ ಕಸದ ಬುಟ್ಟಿಗೆ ಹಾಕಿ.